ಎಕ್ಸ್‌ಪಿಗೆ ಹಾರ್ಡ್ ಡಿಸ್ಕ್ ಯಾಕೆ ಕಾಣುವುದಿಲ್ಲ: ಸಾಟಾ ಕಂಟ್ರೋಲರ್ ಡ್ರೈವರ್ ಹಾಕುವ ಬಗೆ

ವಿಂಡೋಸ್ ಎಕ್ಸ್‌ಪಿ ಸಿಡಿ ಹಾಕಿದ್ದೀರಿ. ನೀಲಿ ಪರದೆಯ ಕೆಳಗೆ ಫೈಲುಗಳ ಹೆಸರು ಒಂದೊಂದಾಗಿ ಸರಿದುಹೋಗುತ್ತದೆ. ಎಂಟರ್ ಒತ್ತಿದ ಮೇಲೆ ‘ಈ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಯಾವುದೂ ಸಿಗಲಿಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಂದೇಶ ಬರುತ್ತದೆ. ಕೆಲವು ಮಷೀನುಗಳಲ್ಲಿ ಅಷ್ಟು ದೂರವೂ ಹೋಗುವುದಿಲ್ಲ, ‘ವಿಂಡೋಸ್ ಶುರುವಾಗುತ್ತಿದೆ’ ಎಂಬ ಸಾಲು ಬಂದ ಕೂಡಲೇ 7ಬಿ ಸಂಖ್ಯೆಯ ಸ್ಟಾಪ್ ಎರರ್ ಹೊಡೆಯುತ್ತದೆ. ಆಗ ಬಹಳ ಮಂದಿ ಡಿಸ್ಕ್ ಕೆಟ್ಟಿದೆ ಎಂದುಕೊಂಡು ಕೇಬಲ್ ಬದಲಾಯಿಸುತ್ತಾರೆ, ಬೇರೆ ಡಿಸ್ಕ್ ತಂದು ಹಾಕುತ್ತಾರೆ. ಬಯೋಸ್‌ನಲ್ಲಿ (ಮಷೀನು ಆನ್ ಮಾಡಿದಾಗ ಮೊದಲು ಏಳುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಡಿಸ್ಕಿನ ಮಾಡೆಲ್ ಹೆಸರು ಸರಿಯಾಗಿ ಕಾಣುತ್ತಿದ್ದರೆ ಆ ಖರ್ಚು ದಂಡ. ಎಕ್ಸ್‌ಪಿಗೆ ಪರಿಚಯ ಇಲ್ಲದಿರುವುದು ಮದರ್‌ಬೋರ್ಡಿನ ಚಿಪ್‌ಸೆಟ್ ಒಳಗೆ ಕೂತು ಹಾರ್ಡ್ ಡಿಸ್ಕನ್ನು ನಡೆಸುವ ಸಾಟಾ ಕಂಟ್ರೋಲರ್‌ನದು.

ಎಕ್ಸ್‌ಪಿ ಹೊರಬಂದದ್ದು 2001ರ ಅಕ್ಟೋಬರ್‌ನಲ್ಲಿ. ಸಾಟಾ ಡಿಸ್ಕುಗಳನ್ನು ನಡೆಸುವ ಎಎಚ್‌ಸಿಐ ಎಂಬ ಪದ್ಧತಿಯ 1.0 ವಿವರಣೆ ಬಂದದ್ದು 2004ರಲ್ಲಿ. ಮೈಕ್ರೋಸಾಫ್ಟ್ ಎಕ್ಸ್‌ಪಿಗೆ ಕೊನೆಯ ಸರ್ವೀಸ್ ಪ್ಯಾಕ್ 3ನ್ನು 2008ರಲ್ಲಿ ಕೊಟ್ಟಾಗಲೂ ಅದರಲ್ಲಿ ಎಎಚ್‌ಸಿಐ ಡ್ರೈವರ್ ಸೇರಿಸಲಿಲ್ಲ. ವಿಂಡೋಸ್‌ನೊಳಗೇ ಅಂಥ ಡ್ರೈವರ್ ಮೊದಲು ಬಂದದ್ದು ವಿಸ್ಟಾದಲ್ಲಿ. ಆದ್ದರಿಂದ ಎಎಚ್‌ಸಿಐ ಮೋಡ್‌ನಲ್ಲಿರುವ ಯಾವ ಮಷೀನಿಗೇ ಎಕ್ಸ್‌ಪಿ ಹಾಕುವುದಿದ್ದರೂ ಕಂಟ್ರೋಲರ್ ಡ್ರೈವರನ್ನು ನಾವೇ ಹೊರಗಿನಿಂದ ಕೊಡಬೇಕು.

ಇಷ್ಟು ಹಳೆಯದನ್ನು ಈಗ ಯಾರು ಹಾಕುತ್ತಾರೆ ಎಂದರೆ, ಹಾಕುವವರಿದ್ದಾರೆ. ಕಂಟ್ರೋಲ್ ಸಾಫ್ಟ್‌ವೇರ್ ಎಕ್ಸ್‌ಪಿಯಲ್ಲಿ ಮಾತ್ರ ನಡೆಯುವ ಸಿಎನ್‌ಸಿ ಮಷೀನುಗಳು, ಲ್ಯಾಬಿನ ಉಪಕರಣಗಳು, ಪೇಜ್‌ಮೇಕರ್ ಮತ್ತು ಯೂನಿಕೋಡ್ ಅಲ್ಲದ ಹಳೇ ಕನ್ನಡ ಫಾಂಟುಗಳಲ್ಲಿ ವರ್ಷಗಟ್ಟಲೆ ಪುಟ ಕಟ್ಟಿಟ್ಟ ಡಿಟಿಪಿ ಕೆಲಸಗಳು, ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಇಲ್ಲದೆ ತೆರೆಯದ ಸಾಫ್ಟ್‌ವೇರುಗಳು. ಡಿಸ್ಕ್ ಹೋದ ದಿನ ಇವುಗಳನ್ನೆಲ್ಲ ಮತ್ತೆ ಎಬ್ಬಿಸಬೇಕಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಮೊದಲೇ ಹೇಳಬೇಕು: 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಬೆಂಬಲ ಮುಗಿದಿದೆ. ಇಂಥ ಮಷೀನನ್ನು ಇಂಟರ್‌ನೆಟ್ಟಿಗೆ ಜೋಡಿಸಬೇಡಿ.

ತೊಂದರೆ ಎಲ್ಲಿ ಹುಟ್ಟುತ್ತದೆ

ಸೌಂಡ್ ಕಾರ್ಡಿಗೋ ಪ್ರಿಂಟರಿಗೋ ಡ್ರೈವರ್ ಇಲ್ಲದಿದ್ದರೆ ವಿಂಡೋಸ್ ಶುರುವಾದ ಮೇಲೆ ಹಾಕಿಕೊಳ್ಳಬಹುದು. ಬೂಟ್ ಡಿಸ್ಕ್ ಇರುವ ಕಂಟ್ರೋಲರ್‌ಗೆ ಆ ಅನುಕೂಲ ಇಲ್ಲ. ಡ್ರೈವರ್ ಇರುವುದು ಡಿಸ್ಕಿನಲ್ಲಿ, ಡಿಸ್ಕ್ ಓದಲು ಬೇಕಾದದ್ದು ಅದೇ ಡ್ರೈವರ್. ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ.

ಹಾಗಾದರೆ ಸರಿಯಾಗಿ ನಡೆಯುವ ಎಕ್ಸ್‌ಪಿ ಹೇಗೆ ಶುರುವಾಗುತ್ತದೆ? ಮೊದಲ ಹಂತದಲ್ಲಿ ಎನ್‌ಟಿಎಲ್‌ಡಿಆರ್ ಎಂಬ ಪುಟ್ಟ ಪ್ರೋಗ್ರಾಂ ಬಯೋಸ್‌ನ ಸಹಾಯದಿಂದ ಡಿಸ್ಕ್ ಓದುತ್ತದೆ. ಬಯೋಸ್‌ಗೆ ತನ್ನ ಕಂಟ್ರೋಲರ್ ಗೊತ್ತಿರುವುದರಿಂದ ಇಲ್ಲಿ ಯಾವ ಡ್ರೈವರೂ ಬೇಡ. ಎನ್‌ಟಿಎಲ್‌ಡಿಆರ್ ವಿಂಡೋಸ್‌ನ ತಿರುಳಾದ ಕರ್ನಲ್ಲನ್ನು, ಸೆಟ್ಟಿಂಗುಗಳೆಲ್ಲ ಇರುವ ರಿಜಿಸ್ಟ್ರಿಯ ಸಿಸ್ಟಂ ಭಾಗವನ್ನು, ಆಮೇಲೆ ರಿಜಿಸ್ಟ್ರಿಯಲ್ಲಿ ‘ಸ್ಟಾರ್ಟ್’ ಬೆಲೆ 0 ಎಂದು ಬರೆದಿರುವ ಡ್ರೈವರ್‌ಗಳನ್ನು ಮೆಮೊರಿಗೆ ಎಳೆದುಕೊಂಡು ಕರ್ನಲ್ಲಿನ ಕೈಗೆ ಒಪ್ಪಿಸುತ್ತದೆ. ಅಲ್ಲಿಂದ ಮುಂದೆ ಬಯೋಸ್ ದಾರಿ ಮುಚ್ಚಿತು. ಕರ್ನಲ್ ತನ್ನ ಕೈಯಲ್ಲಿರುವ ಡ್ರೈವರ್‌ನಿಂದಲೇ ಕಂಟ್ರೋಲರ್‌ ಜೊತೆ ಮಾತಾಡಬೇಕು. ಹೊಂದುವ ಡ್ರೈವರ್ ಇಲ್ಲದಿದ್ದರೆ ಒಂದು ಕ್ಷಣದ ಹಿಂದೆ ಯಾವ ಡಿಸ್ಕಿನಿಂದ ತಾನೇ ಎದ್ದು ಬಂತೋ ಆ ಡಿಸ್ಕೇ ಅದಕ್ಕೆ ಕಾಣುವುದಿಲ್ಲ. ಆಗ ಬರುವುದೇ 7ಬಿ, ಅಂದರೆ ಬೂಟ್ ಡಿಸ್ಕ್ ಕೈಗೆ ಸಿಗುತ್ತಿಲ್ಲ ಎಂಬ ದೂರು. ಅದರ ಮುಂದಿನ ಆವರಣದಲ್ಲಿರುವ ನಾಲ್ಕು ಸಂಖ್ಯೆಗಳಲ್ಲಿ ಎರಡನೆಯದು ಸಾಮಾನ್ಯವಾಗಿ ಸಿ0000034 ಎಂದು ಮುಗಿಯುತ್ತದೆ.

ಸಿಡಿಯಿಂದ ಹಾಕುವಾಗಲೂ ಕಥೆ ಇದೇ. ಎನ್‌ಟಿಎಲ್‌ಡಿಆರ್ ಜಾಗದಲ್ಲಿ ಸಿಡಿಯ ಲೋಡರ್ ಇರುತ್ತದೆ, ಡ್ರೈವರ್‌ಗಳು ಸಿಡಿಯ ಐ386 ಫೋಲ್ಡರಿನಿಂದ ಬರುತ್ತವೆ. ಮುಂದೆ ಹೇಳುವ ಉಪಾಯಗಳೆಲ್ಲ, ಕರ್ನಲ್ ಕೈಗೆ ಅಧಿಕಾರ ಹೋಗುವ ಮೊದಲೇ ಸರಿಯಾದ ಡ್ರೈವರನ್ನು ಆ ಸಾಲಿಗೆ ಸೇರಿಸುವ ಬೇರೆ ಬೇರೆ ಬಗೆಗಳು.

ಇದರಿಂದ ಇನ್ನೊಂದು ಮಾತೂ ಗೊತ್ತಾಗುತ್ತದೆ. ಎಕ್ಸ್‌ಪಿ ಒಂದು ಕಂಟ್ರೋಲರ್‌ನಲ್ಲಿ ಆರಾಮವಾಗಿ ನಡೆಯುತ್ತಿದ್ದು, ನೀವು ಪಿಸಿಐ ಸಾಟಾ ಕಾರ್ಡ್ ಹಾಕಿ ಅದಕ್ಕೆ ಡೇಟಾ ಡಿಸ್ಕ್ ಮಾತ್ರ ಜೋಡಿಸುವುದಾದರೆ ಇಷ್ಟೆಲ್ಲ ತಲೆನೋವು ಬೇಕಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನ ಮೇಲೆ ಕ್ಲಿಕ್ ಮಾಡಿ ಡ್ರೈವರ್ ಕೊಟ್ಟರೆ ಮುಗಿಯಿತು.

ಮೊದಲು ಕಂಟ್ರೋಲರ್‌ನ ಐಡಿ, ಆಮೇಲೆ ಡ್ರೈವರ್

ಲ್ಯಾಪ್‌ಟಾಪಿನ ಮಾಡೆಲ್ ಹೆಸರು ಹುಡುಕಿ ಡ್ರೈವರ್ ಇಳಿಸಿಕೊಳ್ಳುವುದು ಎಲ್ಲರೂ ಮಾಡುವ ಕೆಲಸ, ಅರ್ಧ ಸಲ ಕೈಕೊಡುವುದೂ ಅದೇ. ಎಕ್ಸ್‌ಪಿ ಮಾಡೆಲ್ ಹೆಸರು ನೋಡುವುದಿಲ್ಲ. ಪಿಸಿಐ ಬಸ್ಸಿನಲ್ಲಿ ಕಂಟ್ರೋಲರ್ ಹೇಳಿಕೊಳ್ಳುವ ಮೂರು ಸಂಖ್ಯೆಗಳನ್ನು ನೋಡುತ್ತದೆ: ತಯಾರಕರ ಸಂಖ್ಯೆ, ಡಿವೈಸ್ ಸಂಖ್ಯೆ, ಕ್ಲಾಸ್ ಕೋಡ್. ಇಂಟೆಲ್‌ನ ತಯಾರಕ ಸಂಖ್ಯೆ 8086. ಕ್ಲಾಸ್ ಕೋಡ್ 0101 ಇದ್ದರೆ ಐಡಿಇ ಮೋಡ್ (ಎಕ್ಸ್‌ಪಿಗೆ ಗೊತ್ತಿರುವ ಹಳೆಯ ಪದ್ಧತಿ), 0106 ಇದ್ದರೆ ಸಾಟಾ ಎಎಚ್‌ಸಿಐ, 0104 ಇದ್ದರೆ ರೈಡ್ (ಹಲವು ಡಿಸ್ಕುಗಳನ್ನು ಒಂದಾಗಿ ಕಟ್ಟಿ ನಡೆಸುವುದು).

ಒಂದು ಉದಾಹರಣೆ ಹಿಡಿದುಕೊಳ್ಳೋಣ. 2008–09ರ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಇಂಟೆಲ್‌ನ ಐಸಿಎಚ್9ಎಂ ಚಿಪ್ ಇದೆ. ಎಎಚ್‌ಸಿಐ ಮೋಡ್‌ನಲ್ಲಿ ಅದರ ಡಿವೈಸ್ ಸಂಖ್ಯೆ 2929. ಅದೇ ಚಿಪ್ಪನ್ನು ಬಯೋಸ್‌ನಲ್ಲಿ ಐಡಿಇ ಮೋಡ್‌ಗೆ ಬದಲಾಯಿಸಿದರೆ ಅದು 2928 ಎಂದು ಹೇಳಿಕೊಳ್ಳುತ್ತದೆ, ಜೊತೆಗೆ 292ಡಿ ಎಂಬ ಎರಡನೇ ಕಂಟ್ರೋಲರ್ ಹುಟ್ಟಿಕೊಳ್ಳುತ್ತದೆ. ಅದಕ್ಕಿಂತ ಹಿಂದಿನ ಐಸಿಎಚ್7ಎಂಗೆ ಐಡಿಇಯಲ್ಲಿ 27ಸಿ4, ಎಎಚ್‌ಸಿಐಯಲ್ಲಿ 27ಸಿ5. ಐಸಿಎಚ್8ಎಂನ ಎಎಚ್‌ಸಿಐ ಸಂಖ್ಯೆ 2829. ಹಾಗಾಗಿ ಐಡಿಇ ಮೋಡ್‌ನಲ್ಲಿ ನಡೆಯುತ್ತಿರುವ ಎಕ್ಸ್‌ಪಿಯ ಡಿವೈಸ್ ಮ್ಯಾನೇಜರ್ ನೋಡಿ ಐಡಿ ಬರೆದುಕೊಂಡರೆ ತಪ್ಪು ಐಡಿ ಬರೆದುಕೊಂಡಂತೆ. ಎಎಚ್‌ಸಿಐಗೆ ಬದಲಾಯಿಸಿ, ಲಿನಕ್ಸ್ ಲೈವ್ ಯುಎಸ್‌ಬಿಯಿಂದ ಎಬ್ಬಿಸಿ, ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಕಮಾಂಡನ್ನು ಹೈಫನ್ ಎನ್‌ಎನ್ ಸೇರಿಸಿ ಕೊಡಿ. ಸಾಟಾ ಎಂದಿರುವ ಸಾಲಿನಲ್ಲಿ ಮೂರೂ ಸಂಖ್ಯೆಗಳು ಚೌಕ ಆವರಣದಲ್ಲಿ ಕಾಣುತ್ತವೆ. ಬರೆದಿಟ್ಟುಕೊಳ್ಳಿ.

ಇನ್ನು ಡ್ರೈವರ್. ಇಂಟೆಲ್ ಚಿಪ್‌ಗಳಿಗೆ ಬೇಕಾದ ಫೈಲು ‘ಐಎಸ್ಟೋರ್.ಎಸ್‌ವೈಎಸ್’ (iaStor.sys). ಅದು 8.9ರ ವರೆಗೆ ಮ್ಯಾಟ್ರಿಕ್ಸ್ ಸ್ಟೋರೇಜ್ ಮ್ಯಾನೇಜರ್ ಎಂಬ ಹೆಸರಿನಲ್ಲಿ, 9.5ರಿಂದ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ ಎಂಬ ಹೆಸರಿನಲ್ಲಿ ಬಂತು. ಎಕ್ಸ್‌ಪಿಗೆ ಹೊಂದುವ ಸಾಲು 11.2ಕ್ಕೆ ನಿಲ್ಲುತ್ತದೆ. ಹೊಸದು ಸಿಕ್ಕಿತೆಂದು ಅದಕ್ಕಿಂತ ಮೇಲಿನದನ್ನು ಇಳಿಸಬೇಡಿ. ತೀರಾ ಹಳೆಯ ಚಿಪ್ಪಿಗೆ ಕೊನೆಯ ಆವೃತ್ತಿಯೇ ಒಳ್ಳೆಯದು ಎಂದೂ ಇಲ್ಲ, ಹೊಸ ಆವೃತ್ತಿಗಳಲ್ಲಿ ಹಳೆಯ ಐಡಿಗಳನ್ನು ಕೈಬಿಟ್ಟಿರುತ್ತಾರೆ. ಬೇಕಾದದ್ದು ಎಫ್6 ಫ್ಲಾಪಿಗೆಂದೇ (ಸೆಟಪ್‌ನಲ್ಲಿ ಎಫ್6 ಒತ್ತಿ ಡ್ರೈವರ್ ಕೊಡುವ ಫ್ಲಾಪಿ) ಕೊಡುವ ಪುಟ್ಟ ಜಿಪ್ ಫೈಲು, ಅದರಲ್ಲೂ 32 ಬಿಟ್‌ನದು. ಬಿಚ್ಚಿದರೆ ಒಳಗೆ ‘ಟಿಎಕ್ಸ್‌ಟಿಸೆಟಪ್.ಓಇಎಂ’, ಎರಡು ಐಎನ್‌ಎಫ್ ಫೈಲು, ಎರಡು ಸಿಎಟಿ ಫೈಲು, ಒಂದು ಎಸ್‌ವೈಎಸ್ ಫೈಲು ಇರುತ್ತವೆ. ಹೆಸರಿನಲ್ಲಿ ಎಎಚ್‌ಸಿಐ ಎಂದಿರುವ ಐಎನ್‌ಎಫ್ ಬರೀ ಎಎಚ್‌ಸಿಐ ಮೋಡ್‌ಗೆ, ಇನ್ನೊಂದು ರೈಡ್‌ಗೆ.

‘ಟಿಎಕ್ಸ್‌ಟಿಸೆಟಪ್.ಓಇಎಂ’ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಓದುವುದಕ್ಕೆ ಐದು ನಿಮಿಷ ಸಾಕು, ಅದು ದಿನಗಟ್ಟಲೆ ಅಲೆದಾಟ ಉಳಿಸುತ್ತದೆ. ಮೇಲೆ ಡಿಸ್ಕ್ಸ್ ಎಂಬ ಭಾಗ: ಫ್ಲಾಪಿಯ ಹೆಸರು, ಅದನ್ನು ಗುರುತಿಸಲು ಫ್ಲಾಪಿಯಲ್ಲಿ ಇರಲೇಬೇಕಾದ ಒಂದು ಫೈಲಿನ ಹೆಸರು, ಫೋಲ್ಡರ್. ನಂತರ ಸ್ಕಸಿ ಎಂಬ ಭಾಗ: ಸೆಟಪ್ ಪರದೆಯಲ್ಲಿ ಕಾಣಿಸುವ ಪಟ್ಟಿ ಇದೇ. ಸ್ಕಸಿ ಎಂದರೆ ಡಿಸ್ಕ್ ಜೋಡಿಸುವ ಇನ್ನೊಂದು ಹಳೆಯ ಪದ್ಧತಿ. ಕಂಟ್ರೋಲರ್ ಸಾಟಾ ಆದರೂ ಭಾಗದ ಹೆಸರು ಸ್ಕಸಿ ಎಂದೇ ಇರುತ್ತದೆ, ಗಾಬರಿ ಬೇಡ. ಅದರ ಕೆಳಗೆ ಹಾರ್ಡ್‌ವೇರ್ ಐಡಿಗಳ ಭಾಗಗಳು. ನಿಮ್ಮ 8086, 2929, 0106 ಸಂಖ್ಯೆಗಳು ಒಂದೇ ಸಾಲಿನಲ್ಲಿ ಇಲ್ಲಿ ಸಿಗಬೇಕು. ಸಿಗಲಿಲ್ಲವೋ, ಆ ಡ್ರೈವರ್ ನಿಮ್ಮದಲ್ಲ. ಸಿಕ್ಕಿದರೆ ಆ ಭಾಗದ ತಲೆಬರಹ ನೋಡಿ, ಮೇಲಿನ ಪಟ್ಟಿಯಲ್ಲಿ ಯಾವ ಹೆಸರಿಗೆ ಅದು ಸೇರುತ್ತದೆ ಎಂದು ಗುರುತು ಹಾಕಿಕೊಳ್ಳಿ. ಮುಂದೆ ಆರಿಸಬೇಕಾದದ್ದು ಅದೇ ಹೆಸರು.

ಎಎಂಡಿ ಬೋರ್ಡುಗಳಿಗೂ ಇದೇ ನಿಯಮ, ಸಂಖ್ಯೆ ಬೇರೆ. ಎಸ್‌ಬಿ700 ಚಿಪ್ ಐಡಿಇಯಲ್ಲಿ 1002, 4390. ಎಎಚ್‌ಸಿಐಯಲ್ಲಿ 1002, 4391.

ಇಲ್ಲೇ ಇನ್ನೊಂದು ಗುಂಡಿ ಇದೆ. ‘ಸರ್ವರ್ 2003ಕ್ಕೆ’ ಅಥವಾ ‘ವಿಸ್ಟಾಕ್ಕೆ’ ಎಂದು ಬರೆದಿರುವ ಡ್ರೈವರ್‌ಗಳಲ್ಲಿ ಹಲವು ಸ್ಟೋರ್‌ಪೋರ್ಟ್ ಎಂಬ ಫೈಲನ್ನು ನೆಚ್ಚಿಕೊಂಡಿರುತ್ತವೆ. ಅದು ಸರ್ವರ್ 2003ರಲ್ಲಿ ಬಂದದ್ದು. 32 ಬಿಟ್ ಎಕ್ಸ್‌ಪಿಯಲ್ಲಿ ಇರುವುದು ಹಳೆಯ ಸ್ಕಸಿಪೋರ್ಟ್ ಮಾತ್ರ. ಐಡಿ ಸರಿಯಾಗಿ ಹೊಂದಿದರೂ ಅಂಥ ಡ್ರೈವರ್ ಲೋಡ್ ಆಗಲಿಲ್ಲ ಎಂದು ಸೆಟಪ್ ನಿಂತುಬಿಡುತ್ತದೆ. 64 ಬಿಟ್ ಎಕ್ಸ್‌ಪಿ ಸರ್ವರ್ 2003ರ ಮೇಲೆ ಕಟ್ಟಿದ್ದು. ಅದರ ಡ್ರೈವರ್‌ಗಳೇ ಬೇರೆ, ಎರಡನ್ನೂ ಬೆರೆಸಬೇಡಿ.

ಸುಲಭದ ದಾರಿ ಇದ್ದರೆ ಅದನ್ನೇ ಹಿಡಿಯಿರಿ

ಬಯೋಸ್‌ನಲ್ಲಿ ಸಾಟಾ ಮೋಡ್ ಬದಲಾಯಿಸುವ ಆಯ್ಕೆ ಇದ್ದರೆ ಡ್ರೈವರ್ ಇಲ್ಲದೆಯೇ ಕೆಲಸ ಮುಗಿಯುತ್ತದೆ. ಡೆಲ್ ಮಷೀನುಗಳಲ್ಲಿ ಅದನ್ನು ಸಾಟಾ ಆಪರೇಷನ್ ಎಂದು ಕರೆದು ಎಟಿಎ ಎಂಬ ಆಯ್ಕೆ ಕೊಟ್ಟಿರುತ್ತಾರೆ. ಎಚ್‌ಪಿಯಲ್ಲಿ ಸಾಟಾ ನೇಟಿವ್ ಮೋಡ್ ಎಂಬುದನ್ನು ಡಿಸೇಬಲ್ ಮಾಡಬೇಕು. ಥಿಂಕ್‌ಪ್ಯಾಡ್‌ನಲ್ಲಿ ಕಾನ್‌ಫಿಗ್ ಒಳಗೆ ಸೀರಿಯಲ್ ಎಟಿಎಗೆ ಹೋಗಿ ಕಂಪ್ಯಾಟಿಬಿಲಿಟಿ ಆರಿಸಬೇಕು. ಆಮೇಲೆ ಎಕ್ಸ್‌ಪಿ ತನ್ನ ಹಳೆಯ ಐಡಿಇ ಡ್ರೈವರ್‌ನಿಂದಲೇ ಡಿಸ್ಕ್ ಹಿಡಿಯುತ್ತದೆ.

ಇದರಿಂದ ಕಳೆದುಕೊಳ್ಳುವುದು ಏನು? ಡಿಸ್ಕಿಗೆ ಬಂದ ಕೋರಿಕೆಗಳನ್ನು ಅನುಕೂಲದ ಕ್ರಮದಲ್ಲಿ ಜೋಡಿಸಿಕೊಳ್ಳುವ ಎನ್‌ಸಿಕ್ಯೂ, ಮಷೀನ್ ಓಡುವಾಗಲೇ ಡಿಸ್ಕ್ ಬಿಚ್ಚಿ ಹಾಕುವ ಸೌಲಭ್ಯ. ಒಂದೇ ಸಾಫ್ಟ್‌ವೇರ್ ಓಡಿಸುವ ಸಿಎನ್‌ಸಿ ಅಥವಾ ಡಿಟಿಪಿ ಮಷೀನಿನಲ್ಲಿ ಈ ಎರಡರ ಕೊರತೆ ಗೊತ್ತೇ ಆಗುವುದಿಲ್ಲ. ಎಸ್‌ಎಸ್‌ಡಿ ಹಾಕಿದವರು ಟ್ರಿಮ್‌ಗಾಗಿ (ಅಳಿಸಿದ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ತಿಳಿಸುವ ಕಮಾಂಡ್) ಎಎಚ್‌ಸಿಐ ಬೇಕು ಎನ್ನುತ್ತಾರೆ. ಎಕ್ಸ್‌ಪಿ ಯಾವ ಮೋಡ್‌ನಲ್ಲೂ ತಾನಾಗಿ ಟ್ರಿಮ್ ಕಳಿಸುವುದಿಲ್ಲ. ಬಯೋಸ್‌ನಲ್ಲಿ ಆಯ್ಕೆ ಇದೆ, ಕೆಲಸ ನಡೆದರೆ ಸಾಕು ಎನ್ನುವವರು ಇಲ್ಲಿಗೇ ನಿಲ್ಲುವುದು ಜಾಣತನ. ಆಯ್ಕೆಯೇ ಇಲ್ಲದ ಬಯೋಸ್, ರೈಡ್ ಕಟ್ಟಿದ ಡಿಸ್ಕುಗಳು, ಎಎಚ್‌ಸಿಐಯಲ್ಲಿ ಹಾಕಿದ ವಿಂಡೋಸ್ 7 ಪಕ್ಕದಲ್ಲೇ ಇರುವ ಮಷೀನು – ಮುಂದಿನ ದಾರಿಗಳು ಬೇಕಾಗುವುದು ಇಂಥವಕ್ಕೆ.

ಎಫ್6 ಮತ್ತು ಫ್ಲಾಪಿ

ಮೈಕ್ರೋಸಾಫ್ಟ್ ಅಧಿಕೃತವಾಗಿ ಕೊಟ್ಟ ದಾರಿ ಇದು. ವಿಂಡೋಸ್ 2000ದಲ್ಲೂ ಹೀಗೇ. 1.44 ಎಂಬಿಯ ಫ್ಲಾಪಿಯೊಂದನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ, ಕ್ವಿಕ್ ಫಾರ್ಮ್ಯಾಟ್ ಬೇಡ, ಏಕೆಂದರೆ ಹಳೆಯ ಫ್ಲಾಪಿಗಳಲ್ಲಿ ಕೆಟ್ಟ ಸೆಕ್ಟರುಗಳು ಸಾಮಾನ್ಯ. ಜಿಪ್‌ನಲ್ಲಿದ್ದ ಫೈಲುಗಳನ್ನು ನೇರ ಫ್ಲಾಪಿಯ ಮೇಲ್ಮಟ್ಟಕ್ಕೆ ಹಾಕಿ. ಫೋಲ್ಡರ್ ಸಮೇತ ಕಾಪಿ ಮಾಡಿದರೆ ಸೆಟಪ್‌ಗೆ ‘ಟಿಎಕ್ಸ್‌ಟಿಸೆಟಪ್.ಓಇಎಂ’ ಸಿಗುವುದಿಲ್ಲ.

ಸಿಡಿಯಿಂದ ಬೂಟ್ ಆಗಿ ನೀಲಿ ಪರದೆ ಬಂದ ಕೂಡಲೇ ಕೆಳಗಿನ ಸಾಲಿನಲ್ಲಿ ಎಫ್6 ಒತ್ತಿ ಎಂಬ ಸೂಚನೆ ಕೆಲವೇ ಕ್ಷಣ ಕಾಣುತ್ತದೆ. ಎರಡು ಮೂರು ಸಲ ಒತ್ತಿ. ಒತ್ತಿದ ತಕ್ಷಣ ಏನೂ ಆಗುವುದಿಲ್ಲ, ಫೈಲುಗಳು ಲೋಡ್ ಆಗುತ್ತಲೇ ಇರುತ್ತವೆ. ತಪ್ಪಿಹೋಯಿತೆಂದು ರೀಸ್ಟಾರ್ಟ್ ಮಾಡಬೇಡಿ, ಸ್ವಲ್ಪ ಕಾಯಿರಿ. ಆಮೇಲೆ ಬರುವ ಪರದೆಯಲ್ಲಿ ಎಸ್ ಒತ್ತಿದರೆ ಎ ಡ್ರೈವಿನಲ್ಲಿ ಫ್ಲಾಪಿ ಇಡಲು ಹೇಳುತ್ತದೆ. ಎಂಟರ್ ಒತ್ತಿ, ಬರುವ ಪಟ್ಟಿಯಲ್ಲಿ ಮೊದಲೇ ಗುರುತಿಟ್ಟ ಹೆಸರನ್ನು ಆರಿಸಿ. ಪಟ್ಟಿ ಪರದೆಗಿಂತ ಉದ್ದ ಇರುತ್ತದೆ, ಬಾಣದ ಕೀಲಿಯಿಂದ ಕೆಳಗೆ ಇಳಿಯಬೇಕು. ಮೊದಲು ಕಂಡ ನಾಲ್ಕರಲ್ಲೇ ಒಂದನ್ನು ಆರಿಸಿ ಕೆಟ್ಟವರು ಬಹಳ. ಡ್ರೈವರ್ ಆರಿಸಿದ ಮೇಲೂ ಫ್ಲಾಪಿ ತೆಗೆಯಬೇಡಿ. ಪಾರ್ಟಿಷನ್ ಮಾಡಿ ಫೈಲು ಕಾಪಿ ಆಗುವಾಗ ಅದನ್ನು ಎರಡನೇ ಸಲ ಓದುತ್ತದೆ. ಮೊದಲ ರೀಬೂಟ್‌ಗೆ ಮಾತ್ರ ತೆಗೆದುಬಿಡಬೇಕು, ಇಲ್ಲದಿದ್ದರೆ ಮಷೀನು ಫ್ಲಾಪಿಯಿಂದ ಬೂಟ್ ಆಗಲು ಹೋಗಿ ‘ಎನ್‌ಟಿಎಲ್‌ಡಿಆರ್ ಇಲ್ಲ’ ಎನ್ನುತ್ತದೆ. ಡಿಸ್ಕಿನಲ್ಲೇ ಏನೋ ಎಡವಟ್ಟಾಯಿತೆಂದು ಹೆದರುವಂತಾಗುತ್ತದೆ.

ಲ್ಯಾಪ್‌ಟಾಪಿಗೆ ಯುಎಸ್‌ಬಿ ಫ್ಲಾಪಿ ಡ್ರೈವ್ ಜೋಡಿಸಿದಾಗ ಒಂದು ವಿಚಿತ್ರ ನಡೆಯುತ್ತದೆ. ಮೊದಲ ಸಲ ಫ್ಲಾಪಿ ಚೆನ್ನಾಗಿ ಓದುತ್ತದೆ, ಪಟ್ಟಿ ಬರುತ್ತದೆ, ಹಾರ್ಡ್ ಡಿಸ್ಕೂ ಕಾಣುತ್ತದೆ. ಎರಡನೇ ಸಲ ಮಾತ್ರ ಫ್ಲಾಪಿ ಹಾಕಿ, ಫ್ಲಾಪಿ ಹಾಕಿ ಎಂದು ಕೇಳುತ್ತಲೇ ಇರುತ್ತದೆ. ಕಾರಣ ಮೇಲೆ ಹೇಳಿದ್ದೇ: ಮೊದಲ ಸಲ ಓದಿದ್ದು ಬಯೋಸ್ ಮೂಲಕ, ಎರಡನೇ ಸಲ ಓದಬೇಕಾದದ್ದು ಕರ್ನಲ್. ಎಕ್ಸ್‌ಪಿ ಸೆಟಪ್‌ಗೆ ಬೆರಳೆಣಿಕೆಯ ಯುಎಸ್‌ಬಿ ಫ್ಲಾಪಿ ಡ್ರೈವುಗಳ ಐಡಿ ಮಾತ್ರ ಗೊತ್ತು. ನಿಮ್ಮದು ಅದರಲ್ಲಿ ಇಲ್ಲದಿದ್ದರೆ ಎಂಟರ್ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಇನ್ನು ‘ಓಇಎಂಡಿಸ್ಕ್’ ಎಂಬ ಹೆಸರಿನ ಜೊತೆ ಒಂದು ಸಾಲಿನ ಸಂಖ್ಯೆ ತೋರಿಸಿ ಅನಿರೀಕ್ಷಿತ ಎರರ್ ಬಂದರೆ ಫ್ಲಾಪಿಯ ಫೈಲು ಕೆಟ್ಟಿದೆಯೇ, 64 ಬಿಟ್ ಡ್ರೈವರ್ ಹಾಕಿದ್ದೀರೇ ಎಂದು ನೋಡಿ.

ಸಿಡಿಯಲ್ಲೇ ಡ್ರೈವರ್ ಸೇರಿಸುವುದು

ಫ್ಲಾಪಿಗೇ ಪರದಾಡುವ ಕಾಲ ಇದು. ಹಾಗಾಗಿ ಹೆಚ್ಚಿನವರಿಗೆ ನಾನು ಹೇಳುವುದು ಈ ದಾರಿಯನ್ನೇ. ಒಮ್ಮೆ ಮಾಡಿಟ್ಟರೆ ಆ ಮಷೀನಿಗೆ ಎಷ್ಟು ಸಲ ಬೇಕಾದರೂ ಬಳಸಬಹುದು.

ಎನ್‌ಲೈಟ್ ಎಂಬ ಉಚಿತ ಸಾಫ್ಟ್‌ವೇರ್ ಇದಕ್ಕೆ ಸಾಕು. ಅದು ನಡೆಯಲು ಡಾಟ್‌ನೆಟ್ 2.0 ಬೇಕು. ಮೂಲ ಎಕ್ಸ್‌ಪಿ ಸಿಡಿಯನ್ನು ಪೂರ್ತಿಯಾಗಿ ಒಂದು ಫೋಲ್ಡರಿಗೆ ಕಾಪಿ ಮಾಡಿ ಎನ್‌ಲೈಟ್‌ಗೆ ಅದನ್ನು ತೋರಿಸಿ. ಸಿಡಿಯಲ್ಲಿ ಸರ್ವೀಸ್ ಪ್ಯಾಕ್ 3 ಇಲ್ಲದಿದ್ದರೆ ಅದನ್ನೂ ಇಲ್ಲೇ ಸೇರಿಸಿ. ಸರ್ವೀಸ್ ಪ್ಯಾಕ್ ಯಾವುದೂ ಇಲ್ಲದ 2001ರ ಮೂಲ ಸಿಡಿಗೆ 137 ಜಿಬಿಗಿಂತ ದೊಡ್ಡ ಡಿಸ್ಕ್ ಪೂರ್ತಿ ಕಾಣುವುದಿಲ್ಲ. 500 ಜಿಬಿ ಡಿಸ್ಕ್ ಹಾಕಿದರೂ ಸುಮಾರು 1,31,000 ಎಂಬಿ ಎಂದು ತೋರಿಸಿದರೆ ಕಾರಣ ಇದು, ಡ್ರೈವರ್ ಅಲ್ಲ. ನಂತರ ಡ್ರೈವರ್ಸ್ ಪುಟದಲ್ಲಿ ಇನ್ಸರ್ಟ್, ಸಿಂಗಲ್ ಡ್ರೈವರ್ ಕೊಟ್ಟು ಎಎಚ್‌ಸಿಐ ಐಎನ್‌ಎಫ್ ತೋರಿಸಿ. ಆಗ ಬರುವ ಕಿಟಕಿಯಲ್ಲಿ ಮೋಡ್ ಎಂಬಲ್ಲಿ ಟೆಕ್ಸ್ಟ್‌ಮೋಡ್ ಇರಲೇಬೇಕು. ಮಾಮೂಲಿ ಪಿಎನ್‌ಪಿ ಡ್ರೈವರ್ ಎಂದು ಸೇರಿಸಿದರೆ ಅದು ಸೆಟಪ್‌ನ ಎರಡನೇ ಹಂತದಲ್ಲಿ ಮಾತ್ರ ಬಳಕೆಗೆ ಬರುತ್ತದೆ. ಡಿಸ್ಕ್ ಕಾಣದೆ ಮೊದಲ ಹಂತವೇ ದಾಟುವುದಿಲ್ಲವಲ್ಲ. ಕೆಳಗಿನ ಪಟ್ಟಿಯಲ್ಲಿ ನಿಮ್ಮ ಚಿಪ್ಪಿನ ಹೆಸರು ಆರಿಸಿ, ಕೊನೆಗೆ ಬೂಟೆಬಲ್ ಐಎಸ್‌ಒ ಮಾಡಿ, ಕಡಿಮೆ ವೇಗದಲ್ಲಿ ಸಿಡಿಗೆ ಬರೆಯಿರಿ.

ಎನ್‌ಲೈಟ್‌ನಲ್ಲಿ ವಿಂಡೋಸ್‌ನ ಭಾಗಗಳನ್ನು ಕಿತ್ತುಹಾಕುವ ಆಯ್ಕೆಗಳೂ ಇವೆ. ಅವನ್ನು ಮುಟ್ಟಬೇಡಿ. ಹಗುರ ಮಾಡುತ್ತೇನೆಂದು ಹೋಗಿ ಪ್ರಿಂಟಿಂಗ್ ಸೇವೆಯನ್ನೋ ಹಳೆಯ ಪೋರ್ಟಿನ ಡ್ರೈವರನ್ನೋ ಕಿತ್ತರೆ, ಯಾವ ಡಾಂಗಲ್‌ಗಾಗಿ ಎಕ್ಸ್‌ಪಿ ಹಾಕುತ್ತಿದ್ದೀರೋ ಅದೇ ನಡೆಯುವುದಿಲ್ಲ. ಡ್ರೈವರ್ ತಪ್ಪಾಗಿ ಸೇರಿಸಿದ್ದು ಗೊತ್ತಾದರೆ ಅದೇ ಫೋಲ್ಡರಿನ ಮೇಲೆ ಮತ್ತೆ ಸೇರಿಸದೆ, ಮೂಲ ಸಿಡಿಯಿಂದ ಹೊಸದಾಗಿ ಕಾಪಿ ಮಾಡಿ ಶುರುಮಾಡಿ.

ಒಳಗೆ ಏನಾಗುತ್ತದೆ ಎಂದು ತಿಳಿದಿದ್ದರೆ ತಪ್ಪು ಹುಡುಕುವುದು ಸುಲಭ. ಐ386 ಫೋಲ್ಡರಿಗೆ ಡ್ರೈವರ್ ಫೈಲು ಸೇರುತ್ತದೆ. ಅಲ್ಲೇ ಇರುವ ‘ಟಿಎಕ್ಸ್‌ಟಿಸೆಟಪ್.ಎಸ್‌ಐಎಫ್’ನಲ್ಲಿ ನಾಲ್ಕು ಕಡೆ ಸಾಲು ಸೇರುತ್ತದೆ: ಸಿಡಿಯಲ್ಲಿರುವ ಫೈಲುಗಳ ಪಟ್ಟಿ, ಹಾರ್ಡ್‌ವೇರ್ ಐಡಿಯಿಂದ ಡ್ರೈವರ್ ಹೆಸರಿಗೆ ಕೊಂಡಿ, ಲೋಡ್ ಮಾಡಬೇಕಾದ ಸ್ಕಸಿ ಡ್ರೈವರ್‌ಗಳ ಪಟ್ಟಿ, ಪರದೆಯಲ್ಲಿ ತೋರಿಸುವ ಹೆಸರು. ಸಿಡಿ ಮಾಡಿದ ಮೇಲೂ ಡಿಸ್ಕ್ ಕಾಣದಿದ್ದರೆ ಈ ಫೈಲು ತೆರೆದು ನಿಮ್ಮ ಡಿವೈಸ್ ಸಂಖ್ಯೆ ಹುಡುಕಿ. ಇಲ್ಲವೆಂದರೆ ಪಟ್ಟಿಯಲ್ಲಿ ತಪ್ಪು ಚಿಪ್ ಆರಿಸಿದ್ದೀರಿ.

ಈಗಾಗಲೇ ಇರುವ ಎಕ್ಸ್‌ಪಿಯನ್ನು ಎಎಚ್‌ಸಿಐಗೆ ತರುವುದು

ಐಡಿಇ ಮೋಡ್‌ನಲ್ಲಿ ಹಾಕಿದ ಎಕ್ಸ್‌ಪಿ ನಡೆಯುತ್ತಿದೆ, ಬಯೋಸ್‌ನಲ್ಲಿ ಸುಮ್ಮನೆ ಎಎಚ್‌ಸಿಐ ಎಂದು ಬದಲಾಯಿಸಿದರೆ 7ಬಿ ಖಂಡಿತ. ಮತ್ತೆ ಐಡಿಇಗೆ ತಂದರೆ ಎಕ್ಸ್‌ಪಿ ಮೊದಲಿನಂತೆಯೇ ಏಳುತ್ತದೆ, ಏನೂ ಹಾಳಾಗಿರುವುದಿಲ್ಲ. ಮೋಡ್ ಬದಲಾಯಿಸುವ ಮೊದಲು ಮೂರು ಕೆಲಸ ಮುಗಿಸಿಟ್ಟಿರಬೇಕು. ಅದಕ್ಕೂ ಮೊದಲು ಇಡೀ ಡಿಸ್ಕಿನ ಇಮೇಜ್ (ಯಥಾವತ್ ನಕಲು) ತೆಗೆದಿಡಿ.

ಮೊದಲನೆಯದು, ‘ಐಎಸ್ಟೋರ್.ಎಸ್‌ವೈಎಸ್’ ಫೈಲನ್ನು ವಿಂಡೋಸ್‌ನ ಸಿಸ್ಟಂ32 ಒಳಗಿನ ಡ್ರೈವರ್ಸ್ ಫೋಲ್ಡರಿಗೆ ಕಾಪಿ ಮಾಡುವುದು. ಎರಡನೆಯದು, ರಿಜಿಸ್ಟ್ರಿಯ ಕರೆಂಟ್‌ಕಂಟ್ರೋಲ್‌ಸೆಟ್ ಕೆಳಗೆ ಸರ್ವೀಸಸ್‌ನಲ್ಲಿ ಐಎಸ್ಟೋರ್ ಎಂಬ ಹೊಸ ಕೀ ಮಾಡುವುದು. ಅದರಲ್ಲಿ ಟೈಪ್ 1, ಸ್ಟಾರ್ಟ್ 0, ಎರರ್‌ಕಂಟ್ರೋಲ್ 1, ಗ್ರೂಪ್ ಎಂಬಲ್ಲಿ ಸ್ಕಸಿ ಮಿನಿಪೋರ್ಟ್, ಇಮೇಜ್‌ಪಾಥ್‌ನಲ್ಲಿ ಆ ಫೈಲಿನ ದಾರಿ. ಈ ಬೆಲೆಗಳು ‘ಟಿಎಕ್ಸ್‌ಟಿಸೆಟಪ್.ಓಇಎಂ’ನ ಕೊನೆಯ ಕಡೆ ಕಾನ್‌ಫಿಗ್ ಎಂಬ ಭಾಗದಲ್ಲಿ ಬರೆದೇ ಇರುತ್ತವೆ. ನಿಮ್ಮ ಡ್ರೈವರ್‌ಗೆ ಅಲ್ಲಿ ಹೆಚ್ಚಿನ ಸಾಲುಗಳಿದ್ದರೆ ಅವನ್ನೂ ಹಾಗೆಯೇ ಇಳಿಸಿ. ಸ್ಟಾರ್ಟ್ 0 ಎಂಬುದೇ ಇಲ್ಲಿನ ಜೀವಾಳ, ಎನ್‌ಟಿಎಲ್‌ಡಿಆರ್ ಈ ಫೈಲನ್ನು ಮೆಮೊರಿಗೆ ತರುವುದು ಅದರಿಂದಲೇ.

ಮೂರನೆಯದನ್ನೇ ಬಹಳ ಮಂದಿ ಮರೆಯುತ್ತಾರೆ. ಡ್ರೈವರ್ ಮೆಮೊರಿಗೆ ಬಂದರಷ್ಟೇ ಸಾಲದು, ‘2929 ಎಂಬ ಡಿವೈಸ್ ಕಂಡರೆ ಈ ಡ್ರೈವರ್ ಕೊಡು’ ಎಂದು ಕರ್ನಲ್‌ಗೆ ಯಾರಾದರೂ ಹೇಳಬೇಕು. ಅದನ್ನು ಹೇಳುವುದು ಕಂಟ್ರೋಲ್ ಕೆಳಗಿನ ಕ್ರಿಟಿಕಲ್‌ಡಿವೈಸ್‌ಡೇಟಾಬೇಸ್. ಅಲ್ಲಿ ಹೊಸ ಕೀ ಮಾಡಿ, ಹೆಸರು ಹಾರ್ಡ್‌ವೇರ್ ಐಡಿಯದೇ, ಹಿಂದಕ್ಕೆ ಬಾಗಿದ ಗೆರೆ ಇರುವ ಕಡೆ ಮಾತ್ರ ಹ್ಯಾಶ್ ಚಿಹ್ನೆ. ಒಳಗೆ ಎರಡು ಸ್ಟ್ರಿಂಗ್ ಬೆಲೆ: ಸರ್ವೀಸ್ ಎಂಬಲ್ಲಿ ಐಎಸ್ಟೋರ್, ಕ್ಲಾಸ್‌ಗೈಡ್ (ClassGUID) ಎಂಬಲ್ಲಿ ಉದ್ದನೆಯ ಗೈಡ್ ಸಂಖ್ಯೆ. ಆ ಸಂಖ್ಯೆಯನ್ನು ಕೈಯಿಂದ ಟೈಪ್ ಮಾಡಬೇಡಿ. ಅದೇ ಪಟ್ಟಿಯಲ್ಲಿ ಕ್ಲಾಸ್ ಕೋಡ್ 0101ಕ್ಕೆ ಈಗಾಗಲೇ ಇರುವ ಕೀಯಿಂದ ಕಾಪಿ ಮಾಡಿ, ನಿಮ್ಮ ಐಎನ್‌ಎಫ್‌ನ ಮೇಲ್ಭಾಗದಲ್ಲಿರುವ ಸಂಖ್ಯೆಗೆ ಹೊಂದುತ್ತದೆಯೇ ನೋಡಿ. ಎಎಚ್‌ಸಿಐ ಐಎನ್‌ಎಫ್ ಆದರೆ ಹೊಂದುತ್ತದೆ, ರೈಡ್‌ನದಾದರೆ ಬೇರೆ.

ಈಗ ಶಟ್‌ಡೌನ್ ಮಾಡಿ, ಬಯೋಸ್‌ನಲ್ಲಿ ಎಎಚ್‌ಸಿಐ ಆರಿಸಿ ಎಬ್ಬಿಸಿ. ಎಕ್ಸ್‌ಪಿ ಎದ್ದು ಹೊಸ ಹಾರ್ಡ್‌ವೇರ್ ಸಿಕ್ಕಿದೆ ಎನ್ನುತ್ತದೆ, ಅದೇ ಡ್ರೈವರ್ ಫೋಲ್ಡರ್ ತೋರಿಸಿ, ರೀಸ್ಟಾರ್ಟ್ ಮಾಡಿ. ನೀಲಿ ಪರದೆ ಮಿಂಚಿ ಮಾಯವಾಗಿ ಮಷೀನು ಮತ್ತೆ ಮತ್ತೆ ಬೂಟ್ ಆಗುತ್ತಿದ್ದರೆ ಎಫ್8 ಒತ್ತಿ, ಎರರ್ ಬಂದಾಗ ತಾನಾಗಿ ರೀಸ್ಟಾರ್ಟ್ ಆಗುವುದನ್ನು ನಿಲ್ಲಿಸುವ ಆಯ್ಕೆ ಕೊಡಿ. ಸಂಖ್ಯೆ ಓದಲು ಸಿಗುತ್ತದೆ. 7ಬಿ ಇದ್ದರೆ ಐಡಿಇಗೆ ಹಿಂದಿರುಗಿ ಮೂರನೇ ಕೀಯ ಹೆಸರನ್ನು ಅಕ್ಷರಕ್ಷರ ನೋಡಿ. ತಪ್ಪು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ವರ್ಚುವಲ್ ಮಷೀನಿನಲ್ಲೂ ಇದೇ ಪಾಠ

ಹಾರ್ಡ್‌ವೇರ್ ಕೈಕೊಟ್ಟ ಮೇಲೆ ಹಳೆಯ ಎಕ್ಸ್‌ಪಿಯನ್ನು ಇಮೇಜ್ ಮಾಡಿ ವರ್ಚುವಲ್‌ಬಾಕ್ಸ್‌ಗೆ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರ್) ತರುವವರಿಗೂ 7ಬಿ ಎದುರಾಗುತ್ತದೆ. ಡಿಸ್ಕಿನಲ್ಲಿರುವುದೆಲ್ಲ ಅದೇ, ಕಂಟ್ರೋಲರ್ ಮಾತ್ರ ಬದಲಾಯಿತು. ವರ್ಚುವಲ್‌ಬಾಕ್ಸ್‌ನ ಸಾಟಾ ಕಂಟ್ರೋಲರ್ ತನ್ನನ್ನು ಐಸಿಎಚ್8ಎಂ ಎಂದು, ಅಂದರೆ 8086, 2829 ಎಂದು ಹೇಳಿಕೊಳ್ಳುತ್ತದೆ. ಅದರ ಐಡಿಇ ಕಂಟ್ರೋಲರ್ ಪಿಐಐಎಕ್ಸ್4, ಡಿವೈಸ್ ಸಂಖ್ಯೆ 7111. ಸುಲಭದ್ದು ಡಿಸ್ಕನ್ನು ಐಡಿಇಗೆ ಜೋಡಿಸುವುದು. ಆಮೇಲೂ ಏಳದಿದ್ದರೆ ರಿಜಿಸ್ಟ್ರಿಯಲ್ಲಿ ಎಟಿಎಪಿಐ ಮತ್ತು ಇಂಟೆಲ್‌ಐಡಿಇ ಸರ್ವೀಸುಗಳ ಸ್ಟಾರ್ಟ್ 0 ಇದೆಯೇ, ಕ್ರಿಟಿಕಲ್‌ಡಿವೈಸ್‌ಡೇಟಾಬೇಸ್‌ನಲ್ಲಿ 7111 ಇದೆಯೇ ನೋಡಬೇಕು. ಹಳೆಯ ಮಷೀನು ಇನ್ನೂ ಏಳುವ ಸ್ಥಿತಿಯಲ್ಲಿದ್ದರೆ ಇಮೇಜ್ ತೆಗೆಯುವ ಮೊದಲೇ ಇವನ್ನು ಸೇರಿಸಿಡಿ.

ಲಿನಕ್ಸ್‌ನಲ್ಲಿ ಇದೇ ಕೆಲಸ ಮಾಡುವ ಕೆವಿಎಂನಲ್ಲಿ, ವರ್ಚುವಲ್ ಮಷೀನಿಗೆಂದೇ ಮಾಡಿದ ವರ್ಟಯೋ ಡಿಸ್ಕ್ ಬೇಕೆನ್ನುವವರಿಗೆ ಫ್ಲಾಪಿಯ ಕಾಟ ಇಲ್ಲ, ವರ್ಟಯೋ ಡ್ರೈವರ್‌ಗಳ ಹಳೆಯ ಪ್ಯಾಕೇಜ್‌ನಲ್ಲಿ ಫ್ಲಾಪಿ ಇಮೇಜ್ ಸಿದ್ಧವಾಗಿಯೇ ಸಿಗುತ್ತದೆ. ಅದನ್ನು ಎ ಡ್ರೈವಿಗೆ ಜೋಡಿಸಿ ಎಫ್6 ಒತ್ತಿದರೆ ಸಾಕು. ಐಡಿಇಯಲ್ಲಿ ನಡೆಯುತ್ತಿರುವ ಎಕ್ಸ್‌ಪಿಯಾದರೆ ಪುಟ್ಟದೊಂದು ವರ್ಟಯೋ ಡಿಸ್ಕನ್ನು ಎರಡನೆಯದಾಗಿ ಜೋಡಿಸಿ, ವಿಂಡೋಸ್ ಒಳಗೇ ಡ್ರೈವರ್ ಹಾಕಿ, ಶಟ್‌ಡೌನ್ ಮಾಡಿ, ಆಮೇಲೆ ಮುಖ್ಯ ಡಿಸ್ಕನ್ನು ವರ್ಟಯೋಗೆ ಬದಲಾಯಿಸಿ.

ನಿಜವಾದ ಮಷೀನಿಗೆ ಹೊಸ ಹಾರ್ಡ್ ಡಿಸ್ಕ್ ತಂದು ಹಾಕುತ್ತಿದ್ದರೆ ಡ್ರೈವರ್ ಸರಿಹೋದ ಮೇಲೂ ಒಂದು ಕೆಲಸ ಉಳಿಯುತ್ತದೆ. ಎಕ್ಸ್‌ಪಿ ಸೆಟಪ್ ಮೊದಲ ಪಾರ್ಟಿಷನ್ನನ್ನು 63ನೇ ಸೆಕ್ಟರ್‌ನಿಂದ ಶುರುಮಾಡುತ್ತದೆ. ಒಳಗೆ 4096 ಬೈಟಿನ ಸೆಕ್ಟರ್ ಇರುವ ಈಗಿನ ಡಿಸ್ಕುಗಳಲ್ಲಿ ಇದು ಹೊಂದುವುದಿಲ್ಲ. ಒಂದೊಂದು ಬರಹಕ್ಕೂ ಡಿಸ್ಕ್ ಎರಡೆರಡು ಸೆಕ್ಟರ್ ಮುಟ್ಟಬೇಕಾಗಿ ಮಷೀನು ಎಳೆಯುತ್ತದೆ. ದೂರು ಮಾತ್ರ ಡ್ರೈವರ್ ಮೇಲೆ ಬರುತ್ತದೆ. ಸೆಟಪ್‌ಗೆ ಮೊದಲೇ ವಿಂಡೋಸ್ 7 ಡಿವಿಡಿಯಿಂದಲೋ ಲಿನಕ್ಸ್‌ನ ಜಿಪಾರ್ಟೆಡ್‌ನಿಂದಲೋ 2048ನೇ ಸೆಕ್ಟರ್‌ನಿಂದ ಶುರುವಾಗುವ ಪಾರ್ಟಿಷನ್ ಮಾಡಿಟ್ಟು, ಎಕ್ಸ್‌ಪಿ ಸೆಟಪ್‌ನಲ್ಲಿ ಅದನ್ನು ಅಳಿಸದೆ ಅದರೊಳಗೇ ಹಾಕಿ. ಪಾರ್ಟಿಷನ್ ಟೇಬಲ್ ಎಂಬಿಆರ್ ಎಂಬ ಹಳೆಯ ಬಗೆಯದೇ ಇರಬೇಕು, ಆದ್ದರಿಂದ 2 ಟಿಬಿಗಿಂತ ದೊಡ್ಡ ಡಿಸ್ಕ್ ಕೊಳ್ಳುವುದರಲ್ಲಿ ಅರ್ಥವಿಲ್ಲ.